ಹುಳದ ತಟ್ಟೆಗೆ ಹಾಸಿದ ಕಡೇ ಹಾಳೆ

ಚಿಂತಾಮಣಿ ಬಸ್ಸಿನಲ್ಲಿ ಇವತ್ತು ಯಾರೋ ಹಿಪ್ಪುನೇರಳೆ ಸೊಪ್ಪಿನ ಮೂಟೆ ಇಟ್ಟಿದ್ದರು. ಆ ಹಸಿ ವಾಸನೆಗೆ ಸಾದಲಿಯ ನಮ್ಮ ಹುಳದ ಮನೆ ಕಣ್ಮುಂದೆ ಬಂತು.

ನಾನು ಚಿಕ್ಕವಳಿದ್ದಾಗ ಅಪ್ಪನ ತಂಗಿ, ನಮ್ಮತ್ತೆ, ರೇಷ್ಮೆಹುಳಕ್ಕೆ ಸೊಪ್ಪು ಹಾಕಿ ಅಲ್ಲೇ ಕೂತು ಗಟ್ಟಿಯಾಗಿ ಕಾದಂಬರಿ ಓದುತ್ತಿದ್ದಳು. ರಾಜನಿಗೆ ವಿಷವಿಟ್ಟವನನ್ನು ಹುಡುಕಿಕೊಂಡು ಒಬ್ಬಳೇ ಕುದುರೆ ಏರಿ ಹೊರಟ ಹುಡುಗಿಯ ಕಥೆ. ನಾನೂ ಅಜ್ಜಿಯೂ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆವು. ಕೊಲೆಗಾರ ಸಿಕ್ಕಿಬಿದ್ದ, ನೋಡಿದರೆ ಕಡೇ ಹಾಳೆಯೇ ಇಲ್ಲ! ಓದು ಬಾರದ ಅಜ್ಜಿ ಅದನ್ನು ಮರಿಹುಳದ ತಟ್ಟೆಗೆ ಹಾಸಿಬಿಟ್ಟಿದ್ದಳು.

"ಹುಳ ಜ್ವರಕ್ಕೆ ಕೂತಿವೆ, ಮುಟ್ಟಬೇಡ ಕಣೇ," ಅಂದಳು ಅಜ್ಜಿ, ಹಾಳೆ ಎಳೆಯಹೋದ ಅತ್ತೆಗೆ. ಜ್ವರ ಅಂದರೆ ಪೊರೆ ಬಿಡುವ ಹೊತ್ತು, ಆಗ ಹುಳವನ್ನು ಅಲುಗಿಸುವಂತಿಲ್ಲ. ನಾನು ಅಳತೊಡಗಿದೆ. ಅತ್ತೆ ತಾನೇ ಕಥೆ ಮುಗಿಸಿದಳು: ರಾಜಕುಮಾರ ಮದುವೆಗೆ ಕೇಳಿದ, ಅವಳು, ನೋಡದ ಊರು ಇನ್ನೂ ಇವೆ ಅಂತ ಕುದುರೆ ಹತ್ತಿದಳು.

ಹುಳ ಪೊರೆ ಬಿಟ್ಟು ಎದ್ದ ಮೇಲೆ ಹಾಳೆ ಸಿಕ್ಕಿತು. ಅದರಲ್ಲಿ ಅವಳು ಕತ್ತಿ ಕೆಳಗಿಟ್ಟು ರಾಜಕುಮಾರನಿಗೆ ಹಾರ ಹಾಕಿದ್ದಳು.

"ಥೂ, ನೀನು ಹೇಳಿದ್ದೇ ಚೆನ್ನಾಗಿತ್ತು," ಅಂದಳು ಅಜ್ಜಿ. ಚಿಂತಾಮಣಿಯ ಟೀಚರ್ ಟ್ರೈನಿಂಗೂ ಬೇಡ ಏನೂ ಬೇಡ, ಮೊದಲು ಮದುವೆ ಅಂತ ಅತ್ತೆಯ ಬೆನ್ನು ಬಿದ್ದಿದ್ದವಳು ಅವಳ ಕಡೆ ತಿರುಗಿ ಕೇಳಿದಳು: "ಚಿಂತಾಮಣಿ ಬಸ್ಸು ಎಷ್ಟೊತ್ತಿಗಮ್ಮ?"

ಇವತ್ತು ಅತ್ತೆ ಹೋದ ಅದೇ ದಾರಿಯಲ್ಲಿ ಕಿಟಕಿ ಪಕ್ಕ ಕೂತಿದ್ದ ನನಗೆ ಯಾಕೋ ಕುದುರೆ ಮೇಲೆ ಹೋದಂತಿತ್ತು.