ನಿಕನೋರ್ ಒಬ್ಬನಿಗೇ ಇಲ್ಲದ ಜೀನು

ಓಹಾಕಾ ಪ್ರಾಂತ್ಯದ ಬೆಟ್ಟದೂರೊಂದರ ವಾದ್ಯತಂಡದಲ್ಲಿ ಟ್ಯೂಬಾ ಊದುತ್ತಿದ್ದ ನಿಕನೋರ್‌ಗೆ ಸೊಪ್ಪು ಕಂಡರಾಗುತ್ತಿರಲಿಲ್ಲ. ರೊಟ್ಟಿಯಲ್ಲಿ ಸುತ್ತಿದ ಹಂದಿಮಾಂಸವಿದ್ದರೆ ಸಾಕಿತ್ತು. ಒಂದು ಭಾನುವಾರ ನರ್ಸ್ ರಮೋನಾ ಊರವರ ರಕ್ತಪರೀಕ್ಷೆಯ ಫಲಿತಾಂಶವನ್ನು ಚೌಕದಲ್ಲಿ ನಿಂತು ಓದಿದಳು.

"ಫೋಲೇಟ್ ಅನ್ನೋ ಜೀವಸತ್ವವನ್ನ ನಿಧಾನಕ್ಕೆ ಬಳಸೋ ಮಂದ ಜೀನು ನಿಮ್ಮೆಲ್ಲರಿಗೂ ಇದೆ. ಕಾಳು, ದಂಟುಸೊಪ್ಪು ತಿಂದು ಬಚಾವಾಗಿದೀರಿ. ನಿಕನೋರ್‌ಗೆ ಮಾತ್ರ ಅದಿಲ್ಲ."

ಊರಿಗೆ ಕೇಳಿಸಿದ್ದು ಕೊನೆಯ ಮಾತು ಮಾತ್ರ.

"ಅಯ್ಯೋ ಕಂದಾ, ನಿನಗೊಬ್ಬನಿಗೇ ಇಲ್ವೇನೋ!" ಎಂದು ಸೋದರತ್ತೆ ಎರ್ಮೆಲಿಂದಾ ಅವನನ್ನು ತಬ್ಬಿಕೊಂಡು ಅತ್ತಳು.

"ಅತ್ತೇ, ಅದು ಇಲ್ದಿರೋದೇ ಒಳ್ಳೇದಂತೆ!"

"ಹಂಗೆ ಅಂದ್ಕೊಂಡೇ ಸಮಾಧಾನ ಮಾಡ್ಕೋಬೇಕಪ್ಪಾ."

ಸೊಪ್ಪು ತಿನ್ನದ್ದಕ್ಕೇ ಅವನಿಗೆ ಜೀನು ಬಂದಿಲ್ಲವೆಂದು ಊರು ತೀರ್ಮಾನಿಸಿತು. ಮಾರನೆಯ ದಿನದಿಂದ ಮನೆಗೊಂದರಂತೆ ಸೊಪ್ಪಿನ ಗಡಿಗೆಗಳು ಅವನಲ್ಲಿಗೆ ಬರತೊಡಗಿದವು. ಬೇಡವೆಂದರೆ ಕೊಟ್ಟವರಿಗೆ ಅವಮಾನ. ನಿಕನೋರ್ ಮೂಗು ಹಿಡಿದು ನುಂಗಿದ. ತಂಡದ ಯಜಮಾನ, ಬಟ್ಟಲು ಬರಿದಾಗುವ ತನಕ ಅವನ ಕೈಗೆ ಟ್ಯೂಬಾ ಕೊಡುತ್ತಿರಲಿಲ್ಲ.

ವರ್ಷ ಕಳೆದು ರಮೋನಾ ಮತ್ತೆ ಬಂದು ರಕ್ತ ನೋಡಿದಳು.

"ಊರಲ್ಲೆಲ್ಲಾ ನಿನ್ನ ಮೈಯಲ್ಲೇ ಫೋಲೇಟ್ ಜಾಸ್ತಿ ಕಣೋ!"

"ಅದಿರ್ಲಿ, ಜೀನು ಬಂತಾ?" ಎಂದು ಅತ್ತೆ ಮುಂದೆ ನುಗ್ಗಿದಳು.

"ಅದು ಹುಟ್ಟಿನಿಂದ ಬರ್ಬೇಕಮ್ಮಾ. ಇನ್ನೆಲ್ಲಿ ಬರುತ್ತೆ?"

ನೆರೆದವರ ಮುಖ ಬಾಡಿತು. ಅತ್ತೆ ಮಾತ್ರ ಸೋಲಲಿಲ್ಲ. "ಇನ್ನೊಂದು ವರ್ಷ ತಿನ್ಸೋಣ. ಬರದೆ ಎಲ್ಲಿಗೆ ಹೋಗುತ್ತೆ?"

ಎಲ್ಲರೂ ನಿಕನೋರ್‌ನತ್ತ ತಿರುಗಿದರು. ಅವನು ನೆಲ ನೋಡುತ್ತಾ ಮೆಲ್ಲಗೆ ಹೇಳಿದ: "ಈ ಸಲ ಬೆಳ್ಳುಳ್ಳಿ ಸ್ವಲ್ಪ ಜಾಸ್ತಿ ಹಾಕಿ."