ಕವಲು ದಾರಿಯಲ್ಲಿ ಕಂಡ ಅಪ್ಪ

ದೆವ್ವ ಕಂಡೆ, ಸತ್ತವರು ಮಾತಾಡಿಸಿದರು ಎನ್ನುವವರನ್ನು ಕಂಡರೆ ನನಗೆ ಮೊದಲಿಂದಲೂ ಆಗುವುದಿಲ್ಲ. ಹೊಟ್ಟೆಗೆ ಏನು ತಿಂದಿದ್ದಿರಿ ಎಂದು ಮುಖಕ್ಕೆ ಹೊಡೆದ ಹಾಗೆ ಕೇಳಿಬಿಡುತ್ತಿದ್ದೆ. ಇದನ್ನು ಓದಿ ನೀವೂ ನನ್ನನ್ನು ಹಾಗೆಯೇ ಕೇಳಬಹುದು, ಬೇಜಾರಿಲ್ಲ. ನಾನು ಕಂಡದ್ದು ಸತ್ತವರನ್ನಲ್ಲ, ಬದುಕಿದ್ದ ನನ್ನ ಅಪ್ಪನನ್ನು, ಅದೂ ಹಾಡಹಗಲಲ್ಲಿ.

ಅರವತ್ತರ ದಶಕದ ಮೊದಲ ವರ್ಷಗಳು. ನಮ್ಮದು ಹಳಿಯಾಳದ ಹತ್ತಿರದ ಹಳ್ಳಿ. ಬೆಳಗಾವಿಯಲ್ಲಿ ನರ್ಸ್ ತರಬೇತಿಗೆ ನನಗೆ ಸೀಟು ಸಿಕ್ಕಿತ್ತು. ಆ ಕಾಗದವನ್ನು ಅಪ್ಪ ಒಲೆಗೆ ಹಾಕಿದ. "ಮಂದಿ ಹೊಲಸು ತೊಳ್ಯಾಕ ನನ್ನ ಮಗಳನ್ನ ಕಳಸೂದಿಲ್ಲ" ಎಂದ. ಅದೇ ವಾರ, ಹೆಂಡತಿ ಸತ್ತು ಎರಡು ಮಕ್ಕಳಿದ್ದ ಒಬ್ಬನನ್ನು ನನಗೆ ಗೊತ್ತು ಮಾಡಿದ. ವರನ ಕಡೆಯವರು ಬಂದು ಪಡಸಾಲೆಯಲ್ಲಿ ಕೂತ ಮಧ್ಯಾಹ್ನ, ಸೀರೆ ಬದಲಿಸುವ ನೆಪ ಹೇಳಿ, ಗಂಟು ಎತ್ತಿಕೊಂಡು ಹಿತ್ತಲಿನಿಂದ ಹೊರಬಿದ್ದೆ. ಸಿಟ್ಟಿತ್ತೇ ಹೊರತು ಅಳು ಬಂದಿರಲಿಲ್ಲ.

ಹಳಿಯಾಳದ ಬಸ್ ಸ್ಟ್ಯಾಂಡಿನಲ್ಲಿ ಎಲ್ಲರೂ ಗುರುತಿನವರು. ಅದಕ್ಕೇ ಬಿದಿರು ಸಾಗಿಸುವ ಎತ್ತಿನ ಗಾಡಿಗಳ ಕಾಡುದಾರಿ ಹಿಡಿದು ದಾಂಡೇಲಿಗೆ ನಡೆದೆ. ಅಲ್ಲಿ ರೈಲು ಸಿಗುತ್ತಿತ್ತು. ಕಾಡಿನ ನಡುವೆ ದಾರಿ ಎರಡಾಗುವಲ್ಲಿ ಒಣ ಟೊಂಗೆಗಳ ಒಂದು ರಾಶಿ. ಗಾಡಿಯವರು ಅಲ್ಲಿಯ ದೇವಿಗೆಂದು ಒಂದು ಹಸಿ ಟೊಂಗೆ ಹಾಕದೆ ಮುಂದೆ ಹೋಗುವುದಿಲ್ಲ. ಹಾಕದವರು ಮತ್ತೆ ಮನೆ ಮುಟ್ಟುವುದಿಲ್ಲವಂತೆ. ನಾನು ಬೇಕೆಂದೇ ಹಾಕಲಿಲ್ಲ. ಮನೆ ಮುಟ್ಟುವ ಆಸೆ ಯಾರಿಗಿತ್ತು?

ಎರಡೂ ದಾಂಡೇಲಿಗೇ ಮುಟ್ಟುತ್ತಿದ್ದವು. ಬಲದ ದಾರಿ ಅಗಲವಾಗಿತ್ತು, ಅತ್ತ ಕಾಲಿಟ್ಟೆ. ಹಿಂದೆ ಟೊಂಗೆ ಮುರಿದ ಸದ್ದಾಯಿತು. ತಿರುಗಿದರೆ ಅಪ್ಪ. ಅದೇ ರುಮಾಲು, ಹೆಗಲ ಮೇಲೆ ಅದೇ ಕಂಬಳಿ.

"ನಾ ಬರೂದಿಲ್ಲ" ಎಂದೆ.

ಅಪ್ಪ ಬೈಯಲಿಲ್ಲ. ಕೈಯಲ್ಲಿದ್ದ ಹಸಿ ಟೊಂಗೆಯನ್ನು ರಾಶಿಯ ಮೇಲೆ ಹಾಕಿದ. "ನಿಂದು ನಾ ಹಾಕೇನಿ. ಎಡಕ್ಕ ಹೋಗವ್ವಾ, ಲಗೂ ನಡಿ" ಎಂದ.

ಅವನ ಕಾಲಿಗೆ ಬೀಳಬೇಕೆನ್ನಿಸಿತು, ಬೀಳಲಿಲ್ಲ. ಎಡಕ್ಕೆ ಹತ್ತು ಹೆಜ್ಜೆ ಹೋಗಿ ತಿರುಗಿದೆ. ಟೊಂಗೆ ಇತ್ತು, ಅಪ್ಪ ಇರಲಿಲ್ಲ.

ಸಂಜೆ ದಾಂಡೇಲಿ ಸ್ಟೇಷನ್ನಿನಲ್ಲಿ ಗಾಡಿಯವರು ಮಾತಾಡಿಕೊಳ್ಳುತ್ತಿದ್ದರು. ಆ ಬಲದ ದಾರಿಯಲ್ಲಿ ಒಂಟಿ ಸಲಗವೊಂದು ಅದೇ ಮಧ್ಯಾಹ್ನ ಗಾಡಿ ಮಗುಚಿ, ಎತ್ತನ್ನು ತುಳಿದು ಕೊಂದಿತ್ತು.

ಅಪ್ಪ ಮಾತ್ರ ಆ ದಿನ ಪಡಸಾಲೆ ಬಿಟ್ಟು ಎದ್ದೇ ಇರಲಿಲ್ಲವಂತೆ. ಬಂದವರ ಮುಂದೆ ತಲೆ ತಗ್ಗಿಸಿ ಕೂತದ್ದನ್ನು ಊರೇ ನೋಡಿತ್ತು. ಒಂಬತ್ತು ವರ್ಷ ನನ್ನ ಒಂದು ಕಾಗದಕ್ಕೂ ಅವನು ಉತ್ತರ ಹಾಕಲಿಲ್ಲ. ಕೊನೆಗೆ ಕಾಯಿಲೆಯಾಗಿ ನಾನು ನರ್ಸಾಗಿದ್ದ ಆಸ್ಪತ್ರೆಗೇ ಬಂದಾಗ, ಔಷಧ ಕುಡಿಸುತ್ತ ಕೇಳಿದೆ: "ಅವತ್ತ ಅಡವಿಗೆ ನೀ ಬಂದಿದ್ದೆಲ್ಲಪ್ಪಾ?"

"ನಾ ಬಂದಿದ್ರ ಕೂದಲಾ ಹಿಡದು ಎಳಕೊಂಡು ಹೋಗತಿದ್ದೆ" ಎಂದ.

ಅಪ್ಪ ಸುಳ್ಳು ಹೇಳುವವನಲ್ಲ. ನನ್ನ ಕಣ್ಣೂ ಸುಳ್ಳು ಹೇಳಿಲ್ಲ. ಹಾಗಾದರೆ ಬಂದವರು ಯಾರು, ನನಗೆ ಗೊತ್ತಿಲ್ಲ. ಯಾರೂ ಬರದಿದ್ದರೂ ನಾನು ಹೋಗಿಯೇ ಹೋಗುತ್ತಿದ್ದೆ, ಆನೆಯ ಕಾಲಡಿಗಾದರೂ ಸರಿ. ಆದರೆ ನನ್ನನ್ನು ಒಪ್ಪಿ ಕಳಿಸಿಕೊಟ್ಟವರು ಅವರೊಬ್ಬರೇ. ಅವರು ನನ್ನ ಅಪ್ಪನಲ್ಲ ಎಂದು ಒಪ್ಪಿಕೊಳ್ಳಲು ಇವತ್ತಿಗೂ ನನ್ನಿಂದ ಆಗಿಲ್ಲ.