ಬೀಳುವುದನ್ನು ಕಲಿಸದ ಮೇಷ್ಟ್ರು

ಖೋ ಖೋ ಆಡುವ ಕಾಲದಲ್ಲಿ ತಾವು ಒಂದು ಸಲವೂ ಬಿದ್ದವರಲ್ಲ ಎಂದು ಚಕ್ರಪಾಣಿ ರಾಜಾಜಿನಗರದಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಿದ್ದರು. ಹಗಲು ಕಾರ್ಖಾನೆಯ ಸ್ಟೋರ್ಸಿನಲ್ಲಿ ಗುಮಾಸ್ತೆ. ಸಂಜೆ ಸೈರನ್ ಕೂಗಿದ್ದೇ ತಡ, ಸೈಕಲ್ ಹತ್ತಿ ಬಡಾವಣೆಯ ಬಯಲಿಗೆ ಬಂದರೆಂದರೆ ಅಲ್ಲಿಗೆ ಅವರೇ ದೊರೆ. ಅವರ ಕೈಯಲ್ಲಿ ಪಳಗಿದ ಹುಡುಗಿಯರು ಓಡುವುದನ್ನು ನೋಡಲು ದಾರಿಹೋಕರು ನಿಂತುಬಿಡುತ್ತಿದ್ದರು. ಆದರೆ ಯಾರಾದರೂ ಬಿದ್ದರೋ, ಮುಗಿಯಿತು.

"ಎಷ್ಟು ಇರುವೆ ಸತ್ತವಮ್ಮ?"

ಬಿದ್ದ ಎಳೆಮಕ್ಕಳ ಅಳು ಮರೆಸುವ ಮಾತದು. ಹೈಸ್ಕೂಲಿನ ಹುಡುಗಿಗೆ ಹೇಳಿದರೆ ಬಯಲಿಗೆ ಬಯಲೇ ಕಿಸಕ್ಕೆನ್ನುತ್ತಿತ್ತು.

ಎಪ್ಪತ್ತಾರನೇ ಇಸವಿಯಲ್ಲಿ, ರಾಜ್ಯ ತಂಡದ ಆಯ್ಕೆ ಹತ್ತಿರ ಬಂದಾಗ, ಎಲ್ಲರಿಗಿಂತ ಚುರುಕಾದ ತುಂಗಾ ಕಂಬದ ಬಳಿ ಎಡವಿದಳು. ಆ ನಗುವಿಗೆ ಹೆದರಿ, ಅಂಗೈ ಊರಿ ಮೈಭಾರವನ್ನೆಲ್ಲ ತಡೆದು ಎದ್ದುಬಿಟ್ಟಳು.

"ಶಭಾಷ್, ಬೀಳ್ಲಿಲ್ಲ ನೋಡ್ರೇ!" ಎಂದರು ಚಕ್ರಪಾಣಿ.

ಮರುದಿನ ಅವಳು ಬರಲಿಲ್ಲ. ಗೆಳತಿ ಅಲಮೇಲು ಹೇಳಿದಳು, "ಮಣಿಕಟ್ಟು ಮುರಿದಿದ್ಯಂತೆ ಸಾರ್."

"ಆಗ್ಲೇ ಹೇಳೋದಲ್ವೇನೇ?"

"ನೀವು ಆಡ್ಕೋತೀರಲ್ಲ ಸಾರ್, ಅದಕ್ಕೆ."

ಚಕ್ರಪಾಣಿ ಬಸವೇಶ್ವರನಗರದ ತುಂಗಾಳ ಮನೆಗೆ ಹೋದಾಗ ತಾಯಿ ಜಲಜಾ ಕಾಫಿ ತಂದುಕೊಟ್ಟರು. "ಬಚ್ಚಲಲ್ಲಿ ಜಾರಿದ್ಲಂತೆ. ನಿಮ್ಮ ಹತ್ರ ಇಷ್ಟು ದಿನ ಆಡಿದ್ರೂ ಒಂದು ತರಚುಗಾಯ ಇಲ್ಲ ಸಾರ್, ಮನೇಲಿ ನೋಡಿ ಹಿಂಗೆ."

ತಾಯಿಯ ಬೆನ್ನ ಹಿಂದೆ ತುಂಗಾ, ಕೈಗೆ ಪ್ಲಾಸ್ಟರು, ಹೇಳಬೇಡಿ ಎಂದು ತಲೆಯಾಡಿಸುತ್ತಿದ್ದಳು. ನಿಜ ಗೊತ್ತಾದರೆ ಅವಳ ಆಟವೇ ಬಂದ್. ಸುಮ್ಮನಿದ್ದರೆ? ತಮ್ಮ ಮರ್ಯಾದೆಯನ್ನು ಈ ಮುರಿದ ಕೈಯ ಹುಡುಗಿ ಹೊತ್ತು ನಿಂತಿದ್ದಾಳೆ ಅನ್ನಿಸಿ ಚಕ್ರಪಾಣಿ ಕಾಫಿ ಲೋಟ ಕೆಳಗಿಟ್ಟರು.

"ಬಚ್ಚಲಲ್ಲಲ್ಲಮ್ಮ, ನನ್ನ ಗ್ರೌಂಡಲ್ಲಿ. ಬಿದ್ದೋರ್ನ ನೋಡಿ ನಗ್ತಿದ್ದೆ. ಬೀಳಬಾರ್ದು ಅಂತ ಕೈ ಊರಿದ್ಲು."

ಜಲಜಾ ಮಗಳ ಕೈಯತ್ತ ತಿರುಗಿ ನೋಡಿದರು. ಆಮೇಲೆ ಕೇಳಿದರು, "ಪೆಟ್ಟಾಗದ ಹಾಗೆ ಬೀಳೋದು ಹೇಳ್ಕೊಟ್ಟಿದ್ರಾ?"

"ಇಲ್ಲ."

"ನಿಮಗೆ ಬರುತ್ತಾ?"

"ನಾನು ಯಾವತ್ತೂ ಬಿದ್ದೋನಲ್ವಲ್ಲಮ್ಮ."

"ಮೊದಲು ನೀವು ಬಿದ್ದು ತೋರಿಸಿ. ಇವಳನ್ನ ಕಳಿಸೋ ಮಾತು ಆಮೇಲೆ."

ಚಕ್ರಪಾಣಿ ಕಾಮಾಕ್ಷಿಪಾಳ್ಯದ ಗರಡಿಗೆ ಹೋಗಿ ವಿಚಾರಿಸಿದರು. ಕೈ ಊರಬಾರದು, ಗಲ್ಲ ಎದೆಗೊತ್ತಿ ಭುಜದ ಮೇಲೆ ಉರುಳಬೇಕು. ಭಾನುವಾರ ಬಯಲಿನಲ್ಲಿ ಮರಳು ಹರಡಿಸಿದರು. ಹುಡುಗಿಯರೆಲ್ಲ ಸಾಲಾಗಿ ನಿಂತರು, ತುಂಗಾಳ ಪಕ್ಕದಲ್ಲಿ ಜಲಜಾ. ಹೊಟ್ಟೆ ಒಳಗೆಳೆದುಕೊಂಡು ಓಡಿ ಬಂದ ಮೇಷ್ಟ್ರು ಬೇಕೆಂದೇ ಮುಗ್ಗರಿಸಿದರು, ನೆಲ ಕಂಡದ್ದೇ ಎರಡೂ ಅಂಗೈ ಮುಂದಕ್ಕೆ ಚಾಚಿಬಿಟ್ಟರು.

ಯಾರೂ ನಗಲಿಲ್ಲ. ನಕ್ಕಿದ್ದರೇ ವಾಸಿಯಿತ್ತು.

"ಕೈ ಊರಿದ್ರಿ ಸಾರ್," ಎಂದರು ಜಲಜಾ.

ಮೇಷ್ಟ್ರು ಮರಳು ಕೊಡವಿಕೊಂಡು ಮತ್ತೆ ಹೋದರು, ಮತ್ತೆ ಬಿದ್ದರು. ಕೊನೆಗೊಮ್ಮೆ ಭುಜದ ಮೇಲೆ ಉರುಳಿ, ಬನಿಯನ್ನಿನ ತುಂಬ ಮರಳಾಗಿ ಎದ್ದು ಕೂತಾಗ ಜಲಜಾ ಹತ್ತಿರ ಬಂದರು.

"ಪ್ಲಾಸ್ಟರ್ ಬಿಚ್ಚಿದ್ಮೇಲೆ ಕಳಿಸ್ತೀನಿ. ಇದನ್ನ ಕಲಿಯೋ ತನಕ ಓಡಿಸ್ಬೇಡಿ."

ಚಕ್ರಪಾಣಿ ತಲೆ ಎತ್ತದೆ ಹೂಂ ಎಂದರು.